ನಲವತ್ತು ದಾಟಿದವರ ಇಂಗ್ಲಿಷ್

ಶಿಯಾನ್‌ಯಾಂಗ್
9 ಮಾರ್ಚ್ 1998

ಪಿಂಗ್,

ನೀನು ಕಳಿಸಿದ ಕಲ್ಲಂಗಡಿ ಬೀಜ ತಲುಪಿತು. ನಿನ್ನ ಭಾವ ಬಸ್ಸು ಓಡಿಸುತ್ತಲೇ ಅರ್ಧ ಚೀಲ ಖಾಲಿ ಮಾಡಿದರು. ಆದರೆ ಈ ಪತ್ರ ಕ್ಷೇಮಸಮಾಚಾರಕ್ಕಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು.

ಗಿರಣಿಗೆ ಹೊರದೇಶದಿಂದ ಹೊಸ ನೂಲುವ ಯಂತ್ರಗಳು ಬರುತ್ತಿವೆ. ಹಳೆಯವನ್ನು ಗುಜರಿಗೆ ಹಾಕುತ್ತಾರೆ, ಅವುಗಳ ಜೊತೆಗೆ ನಮ್ಮನ್ನೂ ಹಾಕುವ ಯೋಚನೆ ಇದ್ದಂತಿದೆ. ಶನಿವಾರ ಉಪನಿರ್ದೇಶಕ ಹೌ ನಮ್ಮ ಪಾಳಿಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ: "ಹೊಸ ಯಂತ್ರದ ಮೇಲೆ ಬರ್ದಿರೋದೆಲ್ಲ ಇಂಗ್ಲಿಷು. ಓದೋಕೆ ಬರದವರ ಕೈಗೆ ಅದನ್ನ ಕೊಡೋಕಾಗಲ್ಲ. ನಲವತ್ತು ದಾಟಿದವರಿಗೆ ಮೇ ತಿಂಗಳಲ್ಲಿ ಪರೀಕ್ಷೆ. ಅರವತ್ತು ಅಂಕ ಬಂದ್ರೆ ಇರಿ, ಬರದಿದ್ರೆ ಮನೇಲಿ ವಿಶ್ರಾಂತಿ ತಗೊಳ್ಳಿ."

ನಲವತ್ತು ದಾಟಿದವರು ನಾವು ಮೂವತ್ತೆಂಟು ಹೆಂಗಸರು. ಅದರಲ್ಲಿ ಐದಾರು ಜನ ಅಲ್ಲೇ ಏಪ್ರನ್ ಬಿಚ್ಚಿ ಮಡಿಸತೊಡಗಿದರು, ಈಗಲೇ ಹೋಗಿಬಿಡುತ್ತೇವೆ ಎನ್ನುವಂತೆ. ನನ್ನ ಪಕ್ಕದ ಯಂತ್ರದ ದಪ್ಪ ಮಾ ಮಾತ್ರ ನನ್ನ ಕಿವಿಗೆ ಬಾಯಿಟ್ಟು, "ಅವನಿಗೆ ಬೇಕಾಗಿರೋದು ನಮ್ಮ ಇಂಗ್ಲಿಷಲ್ಲ ಕಣೇ, ನಮ್ಮ ನಾಚಿಕೆ. ನಾವಾಗಿ ನಾವೇ ಹೋದ್ರೆ ಅವನಿಗೆ ಕೈ ತೊಳ್ಕೊಳ್ಳೋದು ಸುಲಭ" ಎಂದಳು.

ನಾನು ಹೋಗುವುದಿಲ್ಲ. ಇಪ್ಪತ್ತಾರು ವರ್ಷ ಆ ಕದಿರುಗಳ ಮುಂದೆ ನಿಂತಿದ್ದೇನೆ. ಮಗಳ ಹಳೆಯ ಇಂಗ್ಲಿಷ್ ಪುಸ್ತಕ ಹುಡುಕಿ ತೆಗೆದಿದ್ದೇನೆ. ನೀನು ಹದಿನಾರು ವರ್ಷದಿಂದ ಗುಲಾಂಗ್‌ನ ಶಾಲೆಯಲ್ಲಿ ಇದನ್ನೇ ಕಲಿಸುತ್ತಿದ್ದೀಯ. ನನಗೂ ಕಲಿಸು. ಫೋನ್ ಬೇಡ, ಗೇಟಿನ ಕೋಣೆಯಲ್ಲಿ ಎಲ್ಲರೂ ಕಿವಿಗೊಟ್ಟು ಕೂತಿರುತ್ತಾರೆ. ಪತ್ರದಲ್ಲಿ ಬರೆ.

ನಿನ್ನ ಅಕ್ಕ
ಸುಚಿನ್


ಗುಲಾಂಗ್, ಗಾನ್ಸು
20 ಮಾರ್ಚ್ 1998

ಅಕ್ಕಾ,

ಪತ್ರ ಓದಿ ಬೇಜಾರಾಯಿತು. ಇಲ್ಲಿ ಮೂರು ದಿನದಿಂದ ಮರಳುಗಾಳಿ. ಹಲಗೆಯ ಮೇಲೆ ಬರೆದದ್ದು ಮಕ್ಕಳಿಗೆ ಕಾಣದಷ್ಟು ದೂಳು.

ಕೋಪ ಮಾಡಿಕೊಳ್ಳಬೇಡ, ಇದ್ದದ್ದನ್ನು ಹೇಳುತ್ತೇನೆ. ಭಾಷೆ ಎಂಬುದು ಎಳೆಯ ವಯಸ್ಸಿನಲ್ಲಿ ಹತ್ತಬೇಕಾದದ್ದು. ನನ್ನ ಶಾಲೆಯ ಮಕ್ಕಳು ಆರು ವರ್ಷ ಓದಿಯೂ ನಾಲ್ಕು ಸಾಲು ನೆಟ್ಟಗೆ ಬರೆಯುವುದಿಲ್ಲ. ನಿನಗಿರುವುದು ಎರಡು ತಿಂಗಳು. ನಲವತ್ತಮೂರನೆಯ ವಯಸ್ಸಿನಲ್ಲಿ ಎಲ್ಲರೆದುರು ಸೋತು ನಗೆಪಾಟಲಾಗುವುದಕ್ಕಿಂತ, ಕೊಡುವ ಭತ್ಯೆ ತೆಗೆದುಕೊಂಡು ಒಂದು ತಿಂಡಿಯ ಗಾಡಿ ಇಟ್ಟುಕೊಂಡರೆ ಮರ್ಯಾದೆ ಉಳಿಯುತ್ತದೆ. ನಿನ್ನ ಕೈಯ ಅಕ್ಕಿಸೇವಿಗೆ, ಮೆಣಸಿನೆಣ್ಣೆ ಯಾರಿಗೆ ಇಷ್ಟವಿಲ್ಲ? ನೀನು ಮೊದಲೇ ಸಾಕಷ್ಟು ಕಷ್ಟಪಟ್ಟಿದ್ದೀಯ.

ಭಾವನನ್ನೂ ಒಂದು ಮಾತು ಕೇಳು.

ಯಾನ್‌ಪಿಂಗ್


ಶಿಯಾನ್‌ಯಾಂಗ್
2 ಏಪ್ರಿಲ್ 1998

ಪಿಂಗ್,

ನಿನ್ನ ಭಾವನನ್ನು ಕೇಳಿದೆ. "ಅವಳು ಮೇಷ್ಟ್ರು, ನಿನ್ನ ನೋಡಿದ ತಕ್ಷಣ ಫೇಲು ಅಂತ ಬರೆದುಬಿಟ್ಟಿದ್ದಾಳೆ" ಎಂದರು. ನಾನು ನಿನ್ನನ್ನು ಕೇಳಿದ್ದು ಪಾಠ. ಬುದ್ಧಿವಾದವನ್ನಲ್ಲ. ಬುದ್ಧಿವಾದ ಇಲ್ಲಿ ಹೌನ ಹತ್ತಿರ ಬಿಟ್ಟಿ ಸಿಗುತ್ತದೆ.

ನೀನು ಕಲಿಸದಿದ್ದರೂ ಶುರುವಾಗಿದೆ. ಪಾಳಿಗೆ ಇಪ್ಪತ್ತು ಪದ. ಯಂತ್ರದ ಸದ್ದಿನಲ್ಲಿ ಕಿರುಚಿದರೂ ಕೇಳದು. ಆದರೆ ನಮಗೆ ತುಟಿ ನೋಡಿಯೇ ಮಾತು ತಿಳಿಯುವ ಅಭ್ಯಾಸ ಇದೆಯಲ್ಲ, ಹಾಗೇ ಇಂಗ್ಲಿಷನ್ನೂ ತುಟಿಯಿಂದ ತುಟಿಗೆ ದಾಟಿಸುತ್ತೇವೆ. ಚೀಟಿಗಳನ್ನು ಯಂತ್ರಕ್ಕೆ ಕಟ್ಟಿದ್ದೆವು. ಮೇಲ್ವಿಚಾರಕ ಬಂದು ಕಿತ್ತುಹಾಕಿದ. ಮಾರನೆಯ ದಿನ ಮಾ ತನ್ನ ಬಿಳಿ ಏಪ್ರನ್ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದುಕೊಂಡು ಬಂದಳು. "ಇದನ್ನೂ ಕಿತ್ತು ಹಾಕ್ತೀಯೇನಪ್ಪಾ?" ಎಂದು ಕೇಳಿದಳು. ಅವನು ತಲೆ ತಗ್ಗಿಸಿಕೊಂಡು ಹೋದ. ಈಗ ನಾವು ಮೂವತ್ತೆಂಟು ಜನವೂ ಎದೆಯ ಮೇಲೆ ಪದ ಹೊತ್ತು ತಿರುಗುತ್ತೇವೆ. ನನ್ನ ಏಪ್ರನ್ ಓದಬೇಕೆಂದರೆ ಎದುರಿನವಳು ನನ್ನ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು. ಹೊಟ್ಟೆ ದಪ್ಪ ಇರುವುದರಿಂದ ಮಾಗೆ ಹೆಚ್ಚು ಪದ ಹಿಡಿಸುತ್ತದೆ.

ಉಚ್ಚಾರಣೆಗೆ ಅದೇ ಸದ್ದು ಬರುವ ನಮ್ಮ ಅಕ್ಷರಗಳನ್ನೇ ಬರೆದುಕೊಳ್ಳುತ್ತೇವೆ. "ಗುಡ್ ಮಾರ್ನಿಂಗ್" ಎಂಬುದನ್ನು ಒಂದೊಂದು ಅಕ್ಷರದ ಅರ್ಥ ಹಿಡಿದು ಓದಿದರೆ 'ನಾಯಿಯ ಬೆಕ್ಕಿಗೆ ಶಾಂತಿ' ಎಂದಾಗುತ್ತದೆ. "ಬಸ್" ಎಂಬುದರ ಮೇಲೆ ಮಗಳು ಯಾವ ಕಾಲದಲ್ಲೋ 'ಅಪ್ಪ ಸತ್ತ' ಎಂದು ಬರೆದಿಟ್ಟಿದ್ದಾಳೆ. ನಿನ್ನ ಭಾವ ಅದನ್ನು ನೋಡಿ, "ಇಪ್ಪತ್ತು ವರ್ಷ ಬಸ್ ಓಡಿಸಿ ಸಾಕಿದ್ದಕ್ಕೆ ಇದೇನಾ ಫಲ?" ಎಂದು ಎರಡು ದಿನ ಮಾತು ಬಿಟ್ಟರು.

ಈಗ ಪ್ರಶ್ನೆಗಳು. ಉತ್ತರ ಬೇಕು.

ನಾನು ಹೋದರೆ "ಗೋ". ನೀನು ಹೋದರೆ "ಗೋ". ಹತ್ತು ಜನ ಹೋದರೂ "ಗೋ". ಅವನೊಬ್ಬ ಹೋದರೆ ಮಾತ್ರ "ಗೋಸ್". ಅವನಿಗೊಬ್ಬನಿಗೇ ಯಾಕೆ ಬಾಲ?

ನಿನ್ನೆ ಎಂದು ಹೇಳಿದ ಮೇಲೆ ಹೋದದ್ದು ನಿನ್ನೆಯೇ ಎಂದು ಯಾರಿಗೂ ತಿಳಿಯುತ್ತದೆ. ನಮ್ಮ ಮಾತಿನಲ್ಲಿ ಅಷ್ಟೇ ಸಾಕು. ಇವರು ಕ್ರಿಯಾಪದವನ್ನೂ ಹಿಡಿದು ಯಾಕೆ ತಿರುಚುತ್ತಾರೆ?

ನೀನು ಉತ್ತರ ಬರೆಯದಿದ್ದರೆ ಬೇರೆ ಯಾರನ್ನಾದರೂ ಕೇಳುತ್ತೇನೆ. ಆದರೆ ನಿನ್ನನ್ನೇ ಕೇಳಬೇಕೆಂದು ನನಗೆ ಆಸೆ.

ಅಕ್ಕ


ಗುಲಾಂಗ್
16 ಏಪ್ರಿಲ್ 1998

ಅಕ್ಕಾ,

ತಪ್ಪಾಯಿತು. ಇನ್ನು ಬುದ್ಧಿ ಹೇಳುವುದಿಲ್ಲ.

ಬಾಲದ ವಿಷಯ: ಹಿಂದೆ ಅವರ ಭಾಷೆಯಲ್ಲಿ ಎಲ್ಲರಿಗೂ ಒಂದೊಂದು ಬಾಲ ಇತ್ತಂತೆ. ನಾನು, ನೀನು, ನಾವು, ಎಲ್ಲರದ್ದೂ ಸವೆದು ಬಿದ್ದುಹೋಗಿ ಅವನದು, ಅವಳದು ಮಾತ್ರ ಉಳಿದಿದೆ. ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ, 'ಹಾಗೇ ಇದೆ, ಬಾಯಿಪಾಠ ಮಾಡಿ' ಎನ್ನುತ್ತೇನೆ. ನಿನ್ನ ಪತ್ರ ಬಂದ ಮೇಲೆ ಹಳೆಯ ಪುಸ್ತಕ ತೆಗೆದು ನೋಡಿದೆ.

ಕಾಲದ ವಿಷಯ: ನಾವು ಕಾಲವನ್ನು ವಾಕ್ಯದ ಮೊದಲಲ್ಲಿ ಒಮ್ಮೆ ಹೇಳಿ ಬಿಡುತ್ತೇವೆ. ಅವರು ಪ್ರತಿ ಕೆಲಸಕ್ಕೂ ಅದನ್ನು ಅಂಟಿಸುತ್ತಾರೆ. ನೂಲಿನ ಪ್ರತಿ ಉಂಡೆಗೂ ಚೀಟಿ ಅಂಟಿಸುತ್ತೀರಲ್ಲ, ಹಾಗೆ ಎಂದುಕೋ. ಪಟ್ಟಿ ಕಳಿಸುತ್ತಿದ್ದೇನೆ, ತಿರುಚುವ ನಲವತ್ತು ಕ್ರಿಯಾಪದಗಳು. ಬೇರೆ ದಾರಿ ಇಲ್ಲ, ಉರು ಹೊಡೆಯಬೇಕು.

ಅಕ್ಷರ ಬರೆದುಕೊಂಡು ಉಚ್ಚರಿಸುವುದನ್ನು ಮಾತ್ರ ಬಿಟ್ಟುಬಿಡು. ಕೇಳುವವರಿಗೆ ಹಿಂಸೆ. ಹೋದ ವರ್ಷ ಲಾನ್‌ಜೌಗೆ ಬಂದಿದ್ದ ಇಂಗ್ಲೆಂಡಿನ ಅಧ್ಯಾಪಕರೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿದ್ದೆ. ಉಚ್ಚಾರಣೆಯೇ ಮುಖ್ಯ ಎಂದು ಅವರೂ ಹೇಳಿದರು.

ಪಿಂಗ್


ಶಿಯಾನ್‌ಯಾಂಗ್
11 ಮೇ 1998

ಪಿಂಗ್,

ಪರೀಕ್ಷೆ ಮುಗಿಯಿತು. ಎಪ್ಪತ್ತೊಂದು. ನಿನ್ನ ಪಟ್ಟಿಯಿಂದಲೇ ಹನ್ನೊಂದು ಕ್ರಿಯಾಪದ ಬಂದಿದ್ದವು. ಮೂವತ್ತೆಂಟರಲ್ಲಿ ಇಪ್ಪತ್ತೆರಡು ಜನ ಪಾಸು. ಹೌನ ಮುಖ ನೋಡಬೇಕಿತ್ತು, ಮೂರೋ ನಾಲ್ಕೋ ಜನ ಎಂದುಕೊಂಡಿದ್ದ.

ಬಾಯಿಪರೀಕ್ಷೆಯಲ್ಲಿ ಒಂದು ಎಡವಟ್ಟಾಯಿತು. "ನಿನ್ನ ಗಂಡನ ಬಗ್ಗೆ ಹೇಳು" ಎಂದರು. ನಮ್ಮ ಮಾತಿನಲ್ಲಿ ಅವನೂ 'ತಾ', ಅವಳೂ 'ತಾ'. ಬಾಯಿಗೆ ಬಂದದ್ದು "ಶೀ". "ನನ್ನ ಗಂಡ ಬಸ್ ಡ್ರೈವರ್. ಅವಳಿಗೆ ಮೀಸೆ ಇದೆ" ಎಂದುಬಿಟ್ಟೆ. ಕೂತಿದ್ದ ಮೂವರೂ ಬಿದ್ದು ಬಿದ್ದು ನಕ್ಕರು. ನಗು ಮುಗಿಯುವವರೆಗೆ ಕಾದು, "ನಿಮಗೆ ಅರ್ಥ ಆಯ್ತಲ್ಲ, ಅಂಕ ಹಾಕಿ" ಎಂದೆ.

ಮಾಗೆ ಐವತ್ತೆಂಟು. ಎರಡೇ ಎರಡು ಅಂಕ. ಅವಳು ಅಳಲಿಲ್ಲ. ಏಪ್ರನ್ ತೊಳೆಯದೆ ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅದನ್ನು ನನಗೆ ಸಹಿಸಲಾಗಲಿಲ್ಲ.

ಈಗ ಮುಖ್ಯ ವಿಷಯ. ಯಂತ್ರದ ಪೆಟ್ಟಿಗೆಗಳು ಬಂದಿವೆ. ಬಿಚ್ಚುವ ಕೆಲಸಕ್ಕೆ ನಮ್ಮನ್ನೇ ಹಾಕಿದರು. ಪ್ರತಿ ಪೆಟ್ಟಿಗೆಯೊಳಗೆ ಯಂತ್ರದ ದಪ್ಪ ಪುಸ್ತಕದ ಜೊತೆ ಒಂದು ತೆಳು ಪುಸ್ತಕ. ಮಾರುವವರಿಗೂ ಕೊಳ್ಳುವವರಿಗೂ ಇರುವ ಷರತ್ತುಗಳು. ಹನ್ನೆರಡು ಪೆಟ್ಟಿಗೆ, ಹನ್ನೆರಡು ಪುಸ್ತಕ. ಒಂದನ್ನು ಗೇಟಿನ ರಿಜಿಸ್ಟರಿನಲ್ಲಿ ಬರೆಸಿ, ಕಾವಲುಗಾರನ ಸಹಿ ಹಾಕಿಸಿ ಮನೆಗೆ ತಂದೆ. ನಮ್ಮ ಪದಗಳು ಅಲ್ಲಿ ಎಷ್ಟು ಸಿಗುತ್ತವೆ ನೋಡೋಣ ಎಂದಷ್ಟೇ ಇತ್ತು. ಒಂಬತ್ತನೆಯ ಪುಟದಲ್ಲಿ ಈ ವಾಕ್ಯ ಇದೆ:

"ದ ಸೆಲ್ಲರ್ ಶಲ್ ಟ್ರೇನ್ ಆಲ್ ಪ್ರೆಸೆಂಟ್ ಆಪರೇಟರ್ಸ್ ಇನ್ ದೇರ್ ಓನ್ ಲ್ಯಾಂಗ್ವೇಜ್."

ಮಾರುವವನು, ತರಬೇತಿ, ಎಲ್ಲ ಕೆಲಸಗಾರರು, ಅವರದೇ ಭಾಷೆ. ಇಷ್ಟು ತಿಳಿಯಿತು. "ಪ್ರೆಸೆಂಟ್" ಎಂದರೆ ಮಗಳ ಪುಸ್ತಕದಲ್ಲಿ 'ಉಡುಗೊರೆ' ಎಂದಿದೆ. ನಾವು ಯಾರಿಗೆ ಉಡುಗೊರೆ? ಈ "ಶಲ್" ಏನು? ಬೇಗ ಬರೆ.

ಅಕ್ಕ


ಗುಲಾಂಗ್
22 ಮೇ 1998

ಅಕ್ಕಾ,

ಎಪ್ಪತ್ತೊಂದು ಎಂದು ಓದಿ ನಮ್ಮ ಅಧ್ಯಾಪಕರ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ಅಭಿನಂದನೆ. ಇನ್ನು ನಿನ್ನ ಕೆಲಸ ಉಳಿಯಿತು, ನೆಮ್ಮದಿಯಾಗಿರು.

ವಾಕ್ಯದ ಬಗ್ಗೆ: ಅದು ತಪ್ಪು ವಾಕ್ಯ. "ಶಲ್" ಬರುವುದು 'ನಾನು', 'ನಾವು' ಇದ್ದಾಗ ಮಾತ್ರ. ಉಳಿದವರಿಗೆಲ್ಲ "ವಿಲ್". ಎಂಟನೆಯ ತರಗತಿಯಲ್ಲಿ ನಾನು ಪ್ರತಿ ವರ್ಷ ಕಲಿಸುವ ಪಾಠ ಇದು. ಮುದ್ರಣದ ದೋಷವಿರಬೇಕು, ಅಥವಾ ಬರೆದವನಿಗೆ ವ್ಯಾಕರಣ ಬಾರದು. ಎರಡರ ಅರ್ಥವೂ ಒಂದೇ, ಮುಂದೆ ಎಂದೋ ನಡೆಯುವ ಸಂಗತಿ. ಅದಕ್ಕೆ ಹೆಚ್ಚಿನ ಮಹತ್ವ ಕೊಡಬೇಡ.

ಪುಸ್ತಕ ಹಿಂದಿರುಗಿಸಿಬಿಡು. ಗಿರಣಿಯ ಕಾಗದ ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದಲ್ಲ.

ಪಿಂಗ್


ಶಿಯಾನ್‌ಯಾಂಗ್
3 ಜೂನ್ 1998

ಪಿಂಗ್,

ಮುದ್ರಣದ ದೋಷವಲ್ಲ. ಆ ಪುಸ್ತಕದಲ್ಲಿ ನೂರ ಹನ್ನೆರಡು ಸಲ "ಶಲ್" ಇದೆ. ಎಣಿಸಿದ್ದೇನೆ. 'ನಾನು', 'ನಾವು' ಒಂದು ಕಡೆಯೂ ಇಲ್ಲ. ನೂರ ಹನ್ನೆರಡು ಸಲ ತಪ್ಪು ಮಾಡುವವನು ಯಂತ್ರ ಮಾರಿ ಬದುಕುತ್ತಾನೆಯೇ?

ಭಾನುವಾರ ಜಿಲ್ಲಾ ಗ್ರಂಥಾಲಯಕ್ಕೆ ಹೋದೆ. ಅಲ್ಲಿಯ ಹುಡುಗಿ ದೊಡ್ಡ ನಿಘಂಟನ್ನು ಹೊರಗೆ ತೆಗೆಯಲು ಹಿಂದುಮುಂದು ನೋಡಿದಳು. "ಕೈ ತೊಳ್ಕೊಂಡು ಬಂದಿದ್ದೀನಮ್ಮಾ" ಎಂದು ಎರಡೂ ಅಂಗೈ ತೋರಿಸಿದೆ. ನಿಘಂಟಿನಲ್ಲಿ "ಶಲ್" ಎಂಬುದಕ್ಕೆ ಒಂದು ಪುಟವಿದೆ. ನಾಲ್ಕನೆಯ ಅರ್ಥ: ಕಾನೂನು, ಒಪ್ಪಂದಗಳಲ್ಲಿ, ಮಾಡಲೇಬೇಕು. ಮಾಡಬಹುದು ಎಂದಲ್ಲ, ಮುಂದೆಂದೋ ಎಂದಲ್ಲ. ಮಾಡಲೇಬೇಕು.

ಅಂದರೆ ಮಾರಿದವರು ನಮಗೆ ನಮ್ಮದೇ ಭಾಷೆಯಲ್ಲಿ ಕಲಿಸಲೇಬೇಕು. ಇಂಗ್ಲಿಷ್ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಮಾಗೆ ಕಡಿಮೆಯಾದ ಆ ಎರಡು ಅಂಕ ಯಾರಿಗೂ ಬೇಕಿರಲಿಲ್ಲ.

ನೀನು ಹೇಳಿದ್ದು ತಪ್ಪು, ಪಿಂಗ್. ತಪ್ಪಾದರೆ ಆಗಲಿ, ಎಲ್ಲರಿಗೂ ಆಗುತ್ತದೆ. ಆದರೆ ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ನಾನು ಈಗ ನಿನ್ನ ಮಾತನ್ನೇ ನೆಚ್ಚಿಕೊಂಡು ನಿಲ್ಲುವವಳು.

ಅಕ್ಕ


ಶಿಯಾನ್‌ಯಾಂಗ್
29 ಜೂನ್ 1998

ಪಿಂಗ್,

ನಾಲ್ಕು ವಾರ ಆಯಿತು. ಸಿಟ್ಟೋ, ಕಾಯಿಲೆಯೋ? ಸಿಟ್ಟಾದರೆ ಅದನ್ನೇ ಬರೆದು ಕಳಿಸು.

ಜುಲೈ ಹದಿನಾಲ್ಕಕ್ಕೆ ಕಾರ್ಮಿಕರ ಸಭೆ. ನಗರದ ಜವಳಿ ಇಲಾಖೆಯಿಂದಲೂ ಒಬ್ಬರು ಬರುತ್ತಾರಂತೆ. ಒಂಬತ್ತನೆಯ ಪುಟವನ್ನು ನಾನು ಅಲ್ಲಿ ಓದುತ್ತೇನೆ ಎಂದು ಸಂಘದ ಅಧ್ಯಕ್ಷೆ ಲುವೋಗೆ ಹೇಳಿದೆ. ಅವಳು ಒಂದೇ ಗಳಿಗೆಯಲ್ಲಿ ಹೌನ ಕಿವಿಗೆ ಹಾಕಿದಳು. ಅವನು ನನ್ನನ್ನು ಕರೆಸಿ ಚಹಾ ಕೊಟ್ಟ. "ಸುಚಿನ್ ಅವ್ರೇ, ಒಂದು ಪದ ಮರ್ತಿದ್ದೀರಿ ನೀವು. 'ಪ್ರೆಸೆಂಟ್' ಅಂದ್ರೆ ಹಾಜರಿರೋದು. ತರಬೇತಿಯೋರು ಬಂದ ದಿನ ಯಾರು ಹಾಜರಿರ್ತಾರೋ ಅವರಿಗೆ ಕಲಿಸಬೇಕು. ಮನೆಗೆ ಹೋದವರಿಗಲ್ಲ" ಎಂದ. ಮತ್ತೆ ಗ್ರಂಥಾಲಯಕ್ಕೆ ಹೋದೆ. ನಿಘಂಟು ನೋಡಿದೆ, ಉಡುಗೊರೆಯೂ ಇದೆ, ಹಾಜರಿಯೂ ಇದೆ, ಈಗಿನದು ಎಂಬುದೂ ಇದೆ. ಯಾವುದು ಎಂದು ಹೇಗೆ ಆರಿಸುವುದು? ನನ್ನ ಹತ್ತಿರ ಪದಗಳಿವೆ. ಜೋಡಿಸುವ ವಿದ್ಯೆ ನಿನ್ನ ಹತ್ತಿರ ಇದೆ.

ನಿನ್ನ ಉತ್ತರ ಬಂದರೂ, ಬಾರದಿದ್ದರೂ ಹದಿನಾಲ್ಕಕ್ಕೆ ನಾನು ಎದ್ದು ನಿಲ್ಲುತ್ತೇನೆ.

ಅಕ್ಕ


ತಂತಿ
ವೂವೇಯ್, 11 ಜುಲೈ 1998

ಪದ ಆಪರೇಟರ್ಸ್ ಎಂಬ ಹೆಸರಿನ ಮುಂಚೆ ಬಂದರೆ ಈಗಿರುವವರು. ಹೆಸರಿನ ನಂತರ ಬಂದರೆ ಹಾಜರಿದ್ದವರು. ನಿನ್ನ ವಾಕ್ಯದಲ್ಲಿ ಮುಂಚೆ ಬಂದಿದೆ. ಖಚಿತ. ಬಿಡಬೇಡ. ಪಿಂಗ್


ವೂವೇಯ್
11 ಜುಲೈ 1998

ಅಕ್ಕಾ,

ತಂತಿ ಕಳಿಸಿ ಅಂಚೆಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಸಿಟ್ಟು ಬಂದಿತ್ತು. ನಿನ್ನ ಜೂನ್ ಮೂರರ ಪತ್ರವನ್ನು ಓದಿ ಒಲೆಗೆ ಹಾಕಿದೆ. ಮೇಷ್ಟರಾದವಳಿಗೆ ಅಕ್ಕ ಪಾಠ ಹೇಳುವುದೇ ಎಂದು. ಆಮೇಲೆ ಎಂಟನೆಯ ತರಗತಿಗೆ ಹೋಗಿ "ಶಲ್" ಪಾಠ ಮಾಡಲು ನಿಂತವಳು ಪುಸ್ತಕ ಮುಚ್ಚಿಟ್ಟೆ. ಹದಿನಾರು ವರ್ಷ ಒಂದೇ ಪುಸ್ತಕ, ಒಂದೇ ವಾಕ್ಯ. ಆ ಪುಸ್ತಕದ ಆಚೆ ನಾನು ಒಂದು ಹೆಜ್ಜೆ ಇಟ್ಟವಳಲ್ಲ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ಲಾನ್‌ಜೌನಲ್ಲಿ ಇಂಗ್ಲೆಂಡಿನ ಅಧ್ಯಾಪಕರ ಜೊತೆ ನಾನು ಮಾತಾಡಲೇ ಇಲ್ಲ. ಅವರು ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬರುವುದು ಕಂಡು, ಹೊಟ್ಟೆನೋವು ಎಂದು ಎದ್ದು ಹೋಗಿ ಊಟದ ಗಂಟೆ ಹೊಡೆಯುವವರೆಗೆ ಮೆಟ್ಟಿಲ ಕೆಳಗೆ ನಿಂತಿದ್ದೆ. ಬದುಕಿನಲ್ಲಿ ಒಬ್ಬ ಪರದೇಶದವರ ಜೊತೆಗೂ ಇಂಗ್ಲಿಷ್ ಆಡಿರಲಿಲ್ಲ. ಆಗಸ್ಟಿನಲ್ಲಿ ನಮಗೂ ಬಾಯಿಪರೀಕ್ಷೆ ಇದೆ, ಎಲ್ಲ ಇಂಗ್ಲಿಷ್ ಅಧ್ಯಾಪಕರಿಗೂ. ಅದಕ್ಕೂ ವೈದ್ಯರ ಚೀಟಿ ಮಾಡಿಸಿ ಇಟ್ಟುಕೊಂಡಿದ್ದೆ. ನಿನಗೆ 'ಮರ್ಯಾದೆ ಉಳಿಸಿಕೋ' ಎಂದು ಬರೆದದ್ದು ನಿನ್ನ ಮರ್ಯಾದೆಯ ಚಿಂತೆಯಿಂದಲ್ಲ. ನೀನು ಎದ್ದು ನಿಂತರೆ ನಾನು ಕೂತಿರುವುದು ಕಾಣುತ್ತದಲ್ಲ, ಅದಕ್ಕೆ.

ನಿನ್ನ ಕೊನೆಯ ಪತ್ರ ಮೊನ್ನೆ ಸಿಕ್ಕಿತು. ನನಗೂ "ಪ್ರೆಸೆಂಟ್" ಗೊತ್ತಿರಲಿಲ್ಲ. ಊಹಿಸಿ ಬರೆಯಬಹುದಿತ್ತು. ಬರೆಯಲಿಲ್ಲ. ಇಂದು ಬೆಳಗಿನ ಬಸ್ಸು ಹಿಡಿದು ಇಲ್ಲಿಯ ಶಿಕ್ಷಕರ ಕಾಲೇಜಿಗೆ ಬಂದೆ. ಅಲ್ಲಿ ಕೆನಡಾದ ಒಬ್ಬ ಅಧ್ಯಾಪಕಿ ಇದ್ದಾರೆ. ರಜೆಯಲ್ಲೂ ಊರಿಗೆ ಹೋಗದೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಎದುರು ಹೋಗಿ ನಿಂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಮೂರು ಗಂಟೆ ಉರು ಹೊಡೆದದ್ದು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ "ನನ್ನ ಅಕ್ಕನಿಗೆ ಒಂದು ಪ್ರಶ್ನೆ ಇದೆ" ಎಂದೆ. ಅದರಲ್ಲೂ 'ಅವನ ಪ್ರಶ್ನೆ' ಎಂದೇ ಬಂತು. ಅವರು ನಗಲಿಲ್ಲ, ಒದ್ದೆ ಕೈ ಒರೆಸಿಕೊಂಡು ಕಾಗದ ತರಿಸಿದರು. ನಾನೇ ನಕ್ಕೆ. ಇಪ್ಪತ್ತು ನಿಮಿಷ ಮಾತಾಡಿದೆವು.

ಗುಲಾಂಗ್‌ನ ಬಸ್ಸಿಗೆ ಹೊತ್ತಾಯಿತು. ನಿನ್ನ ಹದಿನಾಲ್ಕರ ಸುದ್ದಿಗೆ ಕಾಯುತ್ತೇನೆ.

ಪಿಂಗ್


ಶಿಯಾನ್‌ಯಾಂಗ್
20 ಜುಲೈ 1998

ಪಿಂಗ್,

ತಂತಿ ಹನ್ನೆರಡನೇ ತಾರೀಖಿಗೇ ಸಿಕ್ಕಿತು. ತಂದ ಅಂಚೆಯವನು, "ಇದು ರಹಸ್ಯ ಸಂದೇಶವೇನಮ್ಮಾ?" ಎಂದು ಕೇಳಿದ. "ಹೌದು, ವ್ಯಾಕರಣ" ಎಂದೆ.

ಸಭೆಯ ಕತೆ ಕೇಳು. ಊಟದ ಮನೆಯಲ್ಲಿ ಮುನ್ನೂರು ಜನ. ವೇದಿಕೆಯ ಮೇಲೆ ಹೌ, ಲುವೋ, ಮತ್ತು ಇಲಾಖೆಯಿಂದ ಬಂದ ಕ್ಷಿಯೋಂಗ್ ಎಂಬ ಹೆಂಗಸು, ಕೂದಲು ನರೆತವಳು, ಇಡೀ ಹೊತ್ತು ಕನ್ನಡಕ ಒರೆಸುತ್ತಿದ್ದಳು. ಹೌ ಪಟ್ಟಿ ಓದಿದ. ಫೇಲಾದ ಹದಿನಾರು ಜನ ಹೊರಗೆ. ಪಾಸಾದ ಇಪ್ಪತ್ತೆರಡರಲ್ಲೂ 'ಆರೋಗ್ಯದ ಕಾರಣಕ್ಕೆ' ಹತ್ತು ಜನ ಹೊರಗೆ. ಪಾಸಾದದ್ದಕ್ಕೂ ಬೆಲೆ ಇರಲಿಲ್ಲ. ನನ್ನ ಹೆಸರು ಉಳಿದವರಲ್ಲಿತ್ತು.

ನಾನು ಎದ್ದೆ. ಮೊದಲು ಇಂಗ್ಲಿಷಿನಲ್ಲಿ ಓದಿದೆ, ಆಮೇಲೆ ಅರ್ಥ ಹೇಳಿದೆ. ಹಿಂದಿನ ಸಾಲಿನ ಹುಡುಗಿಯರು ನನ್ನ ಉಚ್ಚಾರಣೆಗೆ ಕಿಸಕ್ಕೆಂದರು. ಓದು ನಿಲ್ಲಿಸಲಿಲ್ಲ.

ಹೌ, "ಗಿರಣಿಯ ಕಾಗದ ಕದ್ದವರು ಗಿರಣಿಯ ಬಗ್ಗೆ ಮಾತಾಡ್ತಿದ್ದಾರೆ" ಎಂದ.

"ಗೇಟಿನ ರಿಜಿಸ್ಟರ್ ತರಿಸಿ. ಮೇ ಒಂಬತ್ತನೇ ತಾರೀಖು, ಏಳನೇ ಸಾಲು" ಎಂದೆ.

"'ಪ್ರೆಸೆಂಟ್' ಅಂದ್ರೆ ಆ ದಿನ ಹಾಜರಿರೋರು ಅಂತ ನಿಮಗೆ ಆಗಲೇ ಹೇಳಿದ್ದೆ."

"ಆಪರೇಟರ್ಸ್ ಅನ್ನೋ ಹೆಸರಿನ ನಂತರ ಬಂದ್ರೆ ಹಾಜರಿರೋರು. ಮುಂಚೆ ಬಂದ್ರೆ ಈಗಿರೋರು. ಇಲ್ಲಿ ಮುಂಚೆ ಬಂದಿದೆ. ಒಪ್ಪಂದಕ್ಕೆ ಸಹಿ ಹಾಕಿದ ದಿನ ಯಂತ್ರದ ಮುಂದೆ ಇದ್ದೋರು ನಾವು ಮೂವತ್ತೆಂಟು ಜನಾನೂ."

"ಯಾರು ಹೇಳಿದ್ದು?"

"ನನ್ನ ತಂಗಿ. ಗಾನ್ಸುವಿನಲ್ಲಿ ಇಂಗ್ಲಿಷ್ ಮೇಷ್ಟ್ರು."

"ಹಳ್ಳಿ ಶಾಲೆ ಮೇಷ್ಟ್ರು" ಎಂದು ಅವನು ವೇದಿಕೆಯವರ ಕಡೆ ತಿರುಗಿ ನಕ್ಕ. ಆಗ ನನಗೆ ಬಂದ ಸಿಟ್ಟು, ಪಿಂಗ್, ನನ್ನ ಕೆಲಸಕ್ಕಾಗಿಯೂ ಅಷ್ಟು ಬಂದಿರಲಿಲ್ಲ. "ಇಂಗ್ಲಿಷ್ ಬರಲ್ಲ ಅಂತ ನಮ್ಮನ್ನ ಹೊರಗೆ ಹಾಕ್ತಿದ್ರಿ. ಈಗ ಓದಿದ್ದೀವಿ. ಓದಿದ್ದೇ ತಪ್ಪಾಯ್ತಾ?" ಎಂದೆ. ಮಾ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಮೂವತ್ತೆಂಟೂ ಜನ. ಕಿಸಕ್ಕೆಂದಿದ್ದ ಹುಡುಗಿಯರಲ್ಲೂ ಕೆಲವರು ಎದ್ದರು.

ಕ್ಷಿಯೋಂಗ್ ಕನ್ನಡಕ ಹಾಕಿಕೊಂಡಳು. "ಇಂಥ ಒಪ್ಪಂದಕ್ಕೆ ನಮ್ಮ ಭಾಷೆಯಲ್ಲೂ ಒಂದು ಪ್ರತಿ ಇರುತ್ತೆ. ಅದೆಲ್ಲಿ?" ಎಂದಳು. ಹೌ ಹುಡುಕಿಸಬೇಕು ಎಂದ. "ಹುಡುಕಿಸಿ, ನಾನು ಇಲ್ಲೇ ಕೂತಿರ್ತೀನಿ" ಎಂದು ಅವಳು ಚಹಾದ ಲೋಟ ಮುಂದಕ್ಕೆ ಎಳೆದುಕೊಂಡಳು. ಮುಕ್ಕಾಲು ಗಂಟೆಯ ಮೇಲೆ ಹೌನ ಕಪಾಟಿನಿಂದಲೇ ಅದು ಬಂತು. ಒಂಬತ್ತನೆಯ ಪುಟ. 'ಸಹಿಯ ದಿನ ಕೆಲಸದಲ್ಲಿರುವ ಎಲ್ಲರಿಗೂ.' ನಮ್ಮದೇ ಅಕ್ಷರಗಳಲ್ಲಿ, ಎಂಟು ತಿಂಗಳಿಂದ ಅಲ್ಲೇ ಇತ್ತು.

ಪರೀಕ್ಷೆ ರದ್ದು, ಪಟ್ಟಿಯೂ ರದ್ದು. ತರಬೇತಿಯವರು ಆಗಸ್ಟಿನಲ್ಲಿ ದುಭಾಷಿಯ ಜೊತೆ ಬರುತ್ತಾರೆ.

ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೆ. ಜೂನಿನಲ್ಲಿ ಹೌ ಚಹಾ ಕೊಟ್ಟದ್ದು ಸುಮ್ಮನೆ ಅಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಪಾಳಿಯ ಮುಖ್ಯಸ್ಥೆ ಮಾಡುತ್ತೇನೆ ಎಂದಿದ್ದ. ಒಂದು ದಿನ ಯೋಚಿಸಿದೆ. ಒಂದು ದಿನ ಪೂರ್ತಿ. ಅದಕ್ಕೇ ಬರೆದಿರಲಿಲ್ಲ.

ನೀನು ಆ ವೈದ್ಯರ ಚೀಟಿಯನ್ನು ಹರಿದು ಹಾಕು.

ಅಕ್ಕ


ಗುಲಾಂಗ್
6 ಆಗಸ್ಟ್ 1998

ಅಕ್ಕಾ,

ಹರಿದೆ. ಮೂರನೆಯ ತಾರೀಖು ಪರೀಕ್ಷೆಗೆ ಹೋದೆ.

ಒಳಗೆ ಇಬ್ಬರು. ಮೊದಲ ವಾಕ್ಯಕ್ಕೇ ಒಬ್ಬಾತ ಕೈ ಎತ್ತಿ, "ನಿಮ್ಮ ಉಚ್ಚಾರಣೆ ತೀರಾ ಹಳ್ಳಿಯದು" ಎಂದ. ಹಿಂದಿನ ನಾನಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು. "ಹೌದು, ನಾನು ಹಳ್ಳಿಯವಳು. ಮುಂದಿನ ಪ್ರಶ್ನೆ ಕೇಳಿ" ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ಅದರಲ್ಲೂ ಒಂದು ತಪ್ಪಿತ್ತೆಂದು ಹೊಳೆಯಿತು. ತಿದ್ದಲು ಹೋಗಲಿಲ್ಲ. ಕೊನೆಯ ದರ್ಜೆಯಲ್ಲಿ ಪಾಸು. ಮುಂದಿನ ವರ್ಷ ಮತ್ತೆ ಹೋಗಬೇಕು. ಹೋಗುತ್ತೇನೆ.

ಇನ್ನೊಂದು ವಿಷಯ ಇಪ್ಪತ್ತು ವರ್ಷದಿಂದ ಕೇಳಬೇಕೆಂದಿದ್ದೆ. ಎಪ್ಪತ್ತೆಂಟರಲ್ಲಿ ನಾನು ಕಾಲೇಜು ಪರೀಕ್ಷೆಗೆ ಹೊರಟಾಗ, ಹೊದಿಕೆ ತೆಗೆಯಲು ಪೆಟ್ಟಿಗೆ ತೆರೆದೆ. ಅದರ ತಳದಲ್ಲಿ ಅದೇ ಪರೀಕ್ಷೆಯ ಅರ್ಜಿ ಇತ್ತು. ನಿನ್ನ ಹೆಸರು, ನಿನ್ನ ಫೋಟೋ, ಎಲ್ಲ ತುಂಬಿದ್ದು. ನೀನು ಅದನ್ನು ಕೊಟ್ಟಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು, ಯಾರಾದರೂ ಒಬ್ಬರು ದುಡಿದು ಮನೆ ನೋಡಿಕೊಳ್ಳಬೇಕಿತ್ತು. ನಾನು ಹೊದಿಕೆ ತೆಗೆದುಕೊಂಡು ಮುಚ್ಚಳ ಮುಚ್ಚಿದೆ. ನಿನ್ನನ್ನು ಏನೂ ಕೇಳಲಿಲ್ಲ.

ನೀನು ಓದಬೇಕಾಗಿದ್ದನ್ನು ನಾನು ಓದಿ ನಿನ್ನ ಬದುಕನ್ನೇ ತೆಗೆದುಕೊಂಡೆ ಎಂದು ಅನ್ನಿಸುತ್ತಲೇ ಇರುತ್ತದೆ.

ಪಿಂಗ್


ಶಿಯಾನ್‌ಯಾಂಗ್
24 ಆಗಸ್ಟ್ 1998

ಪಿಂಗ್,

ಅರ್ಜಿ ತುಂಬಿದ್ದೆ, ನಿಜ. ಅದಕ್ಕೆ ನನ್ನನ್ನು ದೇವತೆ ಮಾಡಬೇಡ. ನೀನು ರೈಲು ಹತ್ತಿದ ದಿನ ನಿನ್ನ ಮೇಲೆ ಎಂಥ ಹೊಟ್ಟೆಕಿಚ್ಚು ಪಟ್ಟೆನೆಂದರೆ, ಎರಡು ವರ್ಷ ನಿನ್ನ ಪತ್ರಗಳನ್ನು ಅಪ್ಪನಿಗೆ ಓದಿ ಹೇಳುವಾಗ ಒಳ್ಳೆಯ ಸುದ್ದಿಯನ್ನೆಲ್ಲ ಹಾರಿಸಿ ಓದುತ್ತಿದ್ದೆ. ಅಪ್ಪ ಸಾಯುವವರೆಗೂ ನೀನು ತರಗತಿಯಲ್ಲಿ ಮೊದಲು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿನಗೆ ಬೇಕಾದರೆ ಸಿಟ್ಟು ಮಾಡಿಕೋ, ಆದರೆ ಋಣ ಎಂದು ಅಳಬೇಡ. ನನ್ನ ಬದುಕು ನನ್ನ ಹತ್ತಿರವೇ ಇದೆ.

ಗಿರಣಿಯ ಸುದ್ದಿ. ತರಬೇತಿ ಮುಗಿಯಿತು. ಮೂವತ್ತೆಂಟರಲ್ಲಿ ಒಂಬತ್ತು ಜನ ವಯಸ್ಸಾಯಿತೆಂದು ಪೂರ್ತಿ ಭತ್ಯೆ ತೆಗೆದುಕೊಂಡು ತಾವಾಗಿ ಹೋದರು. ಉಳಿದವರು ಹೊಸ ಯಂತ್ರದ ಮೇಲಿದ್ದಾರೆ. ಮಾ ಬಣ್ಣದ ಗುಂಡಿಗಳನ್ನು ಒತ್ತುತ್ತ ರಾಣಿಯ ಹಾಗೆ ನಿಂತಿರುತ್ತಾಳೆ. ನನಗೆ ಮಾತ್ರ ತರಬೇತಿ ಮುಗಿದ ಮರುದಿನವೇ ಹೌ ಕೆಲಸ ಬದಲಿಸಿದ. ಶೌಚಾಲಯ ಮತ್ತು ಓಣಿ ಗುಡಿಸುವುದು. ತರಬೇತಿ ಕೊಡಲೇಬೇಕು ಎಂದು ಬರೆದಿತ್ತೇ ಹೊರತು, ಆಮೇಲೆ ಯಂತ್ರ ಕೊಡಲೇಬೇಕು ಎಂದು ಬರೆದಿರಲಿಲ್ಲ. ಅವನೂ ವ್ಯಾಕರಣ ಕಲಿತಿದ್ದಾನೆ.

ಮೊದಲ ದಿನ ಪೊರಕೆ ಹಿಡಿದು ಹೋದರೆ ನೆಲ ಒಣಗಿ ಹೊಳೆಯುತ್ತಿತ್ತು. ಎರಡನೆಯ ದಿನವೂ ಹಾಗೇ. ಪ್ರತಿ ಪಾಳಿಯ ಹೆಂಗಸರು ತಾವೇ ತೊಳೆದು ಗುಡಿಸಿ ಹೋಗುತ್ತಿದ್ದಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ. ನನಗೆ ಕೆಲಸವೇ ಇಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಬಕೆಟ್ಟನ್ನು ಬೋರಲು ಹಾಕಿ ಕೂತು ಓದುತ್ತೇನೆ. ಹೌ ಎರಡು ಸಲ ಬಂದು ನೋಡಿದ. ಕೊಳೆ ಇದ್ದರಲ್ಲವೇ ಬೈಯುವುದು?

ಓದುತ್ತಿರುವುದು ಏನು ಗೊತ್ತೇ? ಸ್ವಂತವಾಗಿ ಓದಿ ಪದವಿ ಪಡೆಯುವವರ ಪರೀಕ್ಷೆ ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟೆ. ಇಂಗ್ಲಿಷ್. ಹನ್ನೆರಡು ಪತ್ರಿಕೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದಿನ ಹುಡುಗ ನೋಡಿ, "ಮಗಳ ಫೋಟೋ ಅಂಟಿಸೋ ಜಾಗದಲ್ಲಿ ನಿಮ್ಮದು ಅಂಟಿಸಿದ್ದೀರಿ" ಎಂದ. "ನನ್ನ ಮುಖವೇ ಅದು, ಮೊಹರು ಹಾಕು" ಎಂದೆ. ಆರು ವರ್ಷ ಹಿಡಿಯಬಹುದು. ಮುಗಿಸುವಾಗ ಐವತ್ತಕ್ಕೆ ಒಂದು ಕಡಿಮೆ. ಓದದೆ ಕೂತರೂ ಐವತ್ತು ಬಂದೇ ಬರುತ್ತದೆ.

ಅಕ್ಟೋಬರಿನ ರಜೆಗೆ ನೀನು ಬರಲೇಬೇಕು. ರೈಲುನಿಲ್ದಾಣದಿಂದ ಮನೆಯವರೆಗೆ ನಿನ್ನ ಭಾವನ ಬಸ್ಸಿನಲ್ಲೇ ಕೂರೋಣ, ಎಲ್ಲರಿಗೂ ಕಾಣುವಂತೆ ಮುಂದಿನ ಸೀಟಿನಲ್ಲಿ. ಹತ್ತಿದ ಗಳಿಗೆಯಿಂದ ಇಳಿಯುವವರೆಗೆ ಇಬ್ಬರೂ ಇಂಗ್ಲಿಷೇ ಆಡಬೇಕು. ನಿಲ್ದಾಣ ಇಪ್ಪತ್ತೊಂದು ಇವೆ, ಮಾತು ಸಾಲದೆ ಬಂದರೆ ಅಂಗಡಿಗಳ ಹೆಸರು ಓದುತ್ತ ಹೋಗೋಣ. ಜನ ತಿರುಗಿ ನೋಡುತ್ತಾರೆ. ನೋಡಿದರೆ ಧ್ವನಿ ತಗ್ಗಿಸಬೇಡ.

ಅಕ್ಕ
ಸುಚಿನ್